ಬಾಟಲಿಯಲ್ಲಿ ಉಳಿಯದ ಕಪ್ಪೆ

ಮಳೆ ಬಂದ ರಾತ್ರಿ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಬಚ್ಚಲ ಗೋಡೆಗೆ ಕಪ್ಪೆ ಅಂಟಿಕೊಂಡಿದ್ರೆ, ಅದರ ಬೆರಳ ತುದಿ ನೋಡಿ. ದುಂಡಗೆ, ಅಗಲವಾಗಿದ್ರೆ ಅದು ಮರಗಪ್ಪೆ. ತೊಡೆಯ ಹಿಂಭಾಗದಲ್ಲಿ ಹಳದಿ ಚುಕ್ಕೆ ಇದ್ರೆ ಬಹುಶಃ ಪಾಲಿಪೆಡೇಟಿಸ್ ಮ್ಯಾಕ್ಯುಲೇಟಸ್. 1830ರಲ್ಲೇ ಜಾನ್ ಎಡ್ವರ್ಡ್ ಗ್ರೇ ಇದನ್ನು ವರ್ಣಿಸಿದ್ದ.

ಹಿಡಿದು ಬಾಟಲಿಗೆ ಹಾಕೋಣ ಅನ್ಸುತ್ತೆ ಅಲ್ವಾ? ಅದಕ್ಕೂ ಮುಂಚೆ ಒಂದು ಕಥೆ ಕೇಳಿ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ. ಆರ್. ನಾರಾಯಣ ರಾವ್ ಅಂತ ಪ್ರಾಣಿಶಾಸ್ತ್ರದ ಮೇಷ್ಟ್ರು ಇದ್ದರು. 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಲೋಕಕ್ಕೆ ಪರಿಚಯಿಸಿದರು. ಅವರು ಜೋಪಾನವಾಗಿಟ್ಟ ಮಾದರಿಗಳು ಮುಂದೆ ಕಳೆದುಹೋದವು. ಉಳಿದದ್ದು ಅವರು ಬರೆದಿಟ್ಟ ವಿವರ, ಕಪ್ಪೆ ಸಿಕ್ಕ ಜಾಗದ ಹೆಸರು. ಅದನ್ನೇ ಹಿಡಿದು ನಂತರದ ಸಂಶೋಧಕರು ಮತ್ತೆ ಕಾಡಿಗೆ ಹೋಗಬೇಕಾಯ್ತು. 2010ರಲ್ಲಿ ಪುಟಾಣಿ ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ನೆನಪಿಗಾಗಿ 'ರಾವೋರ್ಕೆಸ್ಟಿಸ್' ಅಂತ ಹೆಸರಿಟ್ಟರು. ಇವುಗಳಲ್ಲಿ ಗೊದಮೊಟ್ಟೆ ಹಂತವೇ ಇಲ್ಲ, ಮೊಟ್ಟೆಯಿಂದ ನೇರ ಮರಿಗಪ್ಪೆ!

ಅಂದ್ರೆ ಬಾಟಲಿ ಹೋಯ್ತು, ಬರಹ ಉಳೀತು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತೆ, ಮುಟ್ಟೋದೇ ಬೇಡ. ಬೆರಳು, ತೊಡೆಯ ಫೋಟೋ ತೆಗೀರಿ, ಕೂಗು ರೆಕಾರ್ಡ್ ಮಾಡಿ, ಊರು, ತಾರೀಖು ಬರೆದಿಡಿ. ಕಪ್ಪೆ ಗೋಡೆ ಮೇಲೇ ಇರಲಿ.