ಹಿಂದಿನ ಸಭೆಯ ನಡಾವಳಿ

ನಾನು ಮೂಡಲಗಿಯವಳು, ಸಹಕಾರ ಸಂಘಗಳ ಇತಿಹಾಸ ನನ್ನ ಪಿಎಚ್‌ಡಿ ವಿಷಯ. ಬೆಂಗಳೂರಿನ ಸಾಫ್ಟ್‌ವೇರ್ ತಂಡವೊಂದರಲ್ಲಿರುವ ಗೋಕಾಕದ ಗೆಳತಿ ಮೊನ್ನೆ ಬೇಸರಪಟ್ಟಳು: ‘ಎರಡು ವಾರಕ್ಕೊಮ್ಮೆ ರೆಟ್ರೊಸ್ಪೆಕ್ಟಿವ್ ಅಂತ ಕೂಡತೇವಿ. ಅದೇ ದೂರು ಹೇಳತೇವಿ, ಏನೂ ಬದಲಾಗಂಗಿಲ್ಲ.’

2001ರ ಅಜೈಲ್ ಪ್ರಣಾಳಿಕೆ ಬಯಸಿದ್ದು ಬರೀ ಹಿನ್ನೋಟವನ್ನಲ್ಲ, ನೋಡಿ ತಿದ್ದಿಕೊಳ್ಳುವುದನ್ನು. ನನಗೆ ಪಕ್ಕದ ಹುಕ್ಕೇರಿ ನೆನಪಾಯಿತು. 1969ರಲ್ಲಿ ಅಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಲ್ಲಿ ಕರೆಂಟ್ ಬಳಸುವವರೇ ಸದಸ್ಯರು. ಇಂಥ ಸಂಘಗಳ ವಾರ್ಷಿಕ ಸಭೆಯಲ್ಲಿ ಮೊದಲ ವಿಷಯ, ಹಿಂದಿನ ಸಭೆಯ ನಡಾವಳಿ ಓದುವುದು. ಒಪ್ಪಿದ್ದೇನು, ಮಾಡಿದ್ದೇನು ಎಂದು ಸದಸ್ಯರು ಎದ್ದು ಕೇಳಲು ಅದೇ ಆಧಾರ. ಆ ಓದು ಬರೀ ಶಾಸ್ತ್ರವಾದರೆ ಸಭೆಯೂ ಶಾಸ್ತ್ರವೇ.

ಗೆಳತಿಗೆ ಹೇಳಿದೆ: ‘ದೂರು ಕೇಳೋಕಿಂತ ಮೊದಲು ಹಿಂದಿನ ನಿರ್ಧಾರ ಓದು. ಹೊಸದು ಒಂದೇ ಒಪ್ಪಿಕೊಳ್ಳಿ; ಯಾರು ಮಾಡತಾರ ಅಂತ ಬರದಿಡು.’