ಮರುಭೂಮಿಯಿಂದ ಹೊರಟ ಫೋಟೋ

ಗಲ್ಫ್ ಎಂದರೆ ನಮ್ಮ ಕಾಸರಗೋಡಿನವರಿಗೆ ದೂರದ ಮಾತಲ್ಲ. ಪಕ್ಕದ ಮನೆಯ ಅಣ್ಣನೋ ಮಾವನೋ ಅಲ್ಲಿರುತ್ತಾರೆ. 1991ರ ಗಲ್ಫ್ ಯುದ್ಧದ ಫೋಟೋಗಳನ್ನು ಚಿಕ್ಕಂದಿನಲ್ಲಿ ಪತ್ರಿಕೆಯಲ್ಲಿ ನೋಡಿದ್ದೆವು. ಅವು ಇಲ್ಲಿಯವರೆಗೆ ಹೇಗೆ ಬಂದವೆಂದು ಕೇಳುವ ಬುದ್ಧಿ ನಮಗಿರಲಿಲ್ಲ. ಈಚೆಗೆ ಏಳನೆಯ ತರಗತಿಯ ಹುಡುಗನೊಬ್ಬ ಕೇಳಿಯೇಬಿಟ್ಟ: "ಮಾಷ್ಟ್ರೇ, ಯುದ್ಧ ಆಗುವಲ್ಲಿ ಟವರ್ ಉಂಟಾ? ಇಲ್ಲದಿದ್ದರೆ ಫೋಟೋ ಹೇಗೆ ಬರುವುದು?"

ಮೊದಲು ಹಳೆಯ ಕ್ರಮ ನೋಡೋಣ. ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ 1935ರ ಜನವರಿ 1ರಂದು ತಂತಿಯ ಮೂಲಕ ಚಿತ್ರ ಕಳುಹಿಸುವ ಸೇವೆ ಆರಂಭಿಸಿತು. ಆದರೆ ತಂತಿಯಿರುವ ಊರಿಗೆ ಫಿಲ್ಮ್ ರೋಲು ತಲಪಬೇಕಲ್ಲ! 1972ರ ಜೂನ್ 8ರಂದು ವಿಯೆಟ್ನಾಮಿನ ಟ್ರಾಂಗ್ ಬಾಂಗ್‌ನಲ್ಲಿ ನಾಪಾಮ್ ಬೆಂಕಿಯಿಂದ ಸುಟ್ಟು ಓಡಿಬಂದ ಬಾಲಕಿಯ ಚಿತ್ರವನ್ನೇ ತೆಗೆದುಕೊಳ್ಳಿ. (ಅದನ್ನು ತೆಗೆದವರು ಯಾರೆಂದು 2025ರಲ್ಲಿ ದೊಡ್ಡ ವಿವಾದವೇ ಎದ್ದಿತು.) ಫಿಲ್ಮ್ ಸೈಗಾನಿನ ಕಚೇರಿಗೆ ಬಂತು, ಕತ್ತಲೆಕೋಣೆಯಲ್ಲಿ ತೊಳೆದರು, ಮೈಮೇಲೆ ಬಟ್ಟೆಯಿಲ್ಲದ ಮಗುವಿನ ಚಿತ್ರ ಕಳುಹಿಸಬಹುದೇ ಎಂದು ಚರ್ಚೆಯಾಯಿತು, ಆಮೇಲೆಯೇ ಅದು ಹೊರಟದ್ದು. ಹೀಗೆ ಒಂದು ಚಿತ್ರವನ್ನು ಹೊರಡುವ ಮೊದಲೇ ನಾಲ್ಕಾರು ಮಂದಿ ನೋಡುತ್ತಿದ್ದರು.

1979ರಲ್ಲಿ ಹಡಗುಗಳ ಸುರಕ್ಷತೆಗೆಂದು ಇನ್‌ಮಾರ್‌ಸ್ಯಾಟ್ ಸಂಸ್ಥೆ ಹುಟ್ಟಿತು. ಹುಡುಗ ಕೇಳಿದ ಟವರ್ ಇರುವುದು ಇಲ್ಲಿ: ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಹಡಗಿನ ಯಂತ್ರ ಮೊದಲು ದೊಡ್ಡ ಪೆಟ್ಟಿಗೆಯಾಗಿ ನೆಲಕ್ಕಿಳಿಯಿತು. 1990ರ ದಶಕದ ಕೊನೆಯ ಹೊತ್ತಿಗೆ ಲ್ಯಾಪ್‌ಟಾಪಿನಷ್ಟಾಯಿತು. ಅತ್ತ 1991ರಲ್ಲಿ ಕೊಡಾಕ್ ಕಂಪನಿ ವೃತ್ತಿನಿರತರಿಗಾಗಿ ಡಿಜಿಟಲ್ ಕ್ಯಾಮೆರಾ ತಂದಿತ್ತು, ಅದರ ಹಾರ್ಡ್‌ಡಿಸ್ಕನ್ನು ಬೇರೆಯಾಗಿ ಹೆಗಲಿಗೆ ನೇತುಹಾಕಿಕೊಳ್ಳಬೇಕಿತ್ತು! ಆರಂಭದ ಸಣ್ಣ ಉಪಗ್ರಹ ಫೋನಿನ ವೇಗ ಸೆಕೆಂಡಿಗೆ 2.4 ಕಿಲೋಬಿಟ್. ನಮ್ಮ ಮಕ್ಕಳಿಂದಲೇ ಲೆಕ್ಕ ಮಾಡಿಸಿದೆವು: ಒಂದು ಎಂಬಿ ಚಿತ್ರಕ್ಕೆ ಸುಮಾರು 55 ನಿಮಿಷ. ಬಳಿಕ ಬಂದ 64 ಕಿಲೋಬಿಟ್ ಯಂತ್ರದಲ್ಲಿ ಎರಡೇ ನಿಮಿಷ. ಯುದ್ಧಭೂಮಿಯಿಂದ ಅಂದಿನ ಚಿತ್ರ ಅಂದೇ ಬರತೊಡಗಿದ್ದು ಹೀಗೆ.

ಆದರೆ ಕತ್ತಲೆಕೋಣೆಯೊಂದಿಗೆ ಅಲ್ಲಿದ್ದ ಮಂದಿಯೂ ಹೋದರು. 2003ರ ಇರಾಕ್ ಯುದ್ಧದಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಛಾಯಾಗ್ರಾಹಕ ಬ್ರಯಾನ್ ವಾಲ್ಸ್ಕಿ, ಬಾಸ್ರಾದ ಹೊರವಲಯದಲ್ಲಿ ಒಬ್ಬ ಬ್ರಿಟಿಷ್ ಸೈನಿಕ ಮತ್ತು ಮಗುವನ್ನೆತ್ತಿಕೊಂಡ ಇರಾಕಿಯ ಚಿತ್ರಗಳನ್ನು ತೆಗೆದರು. ಒಂದರಲ್ಲಿ ಸೈನಿಕ ಚೆನ್ನಾಗಿ ಬಂದಿದ್ದ, ಇನ್ನೊಂದರಲ್ಲಿ ಆ ತಂದೆ. ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಸೇರಿಸಿ ಕಳುಹಿಸಿದರು. ಮಾರ್ಚ್ 31ರಂದು ಅದು ಮುಖಪುಟದಲ್ಲಿ ಅಚ್ಚಾಯಿತು. ಹಿಂದೆ ಕುಳಿತಿದ್ದ ಕೆಲವರು ಎರಡೆರಡು ಬಾರಿ ಇರುವುದನ್ನು ಹಾರ್ಟ್‌ಫರ್ಡ್ ಕೂರಂಟ್ ಪತ್ರಿಕೆಯ ನೌಕರರೊಬ್ಬರು ಕಂಡುಹಿಡಿದರು. ಸಂಪಾದಕರು ಉಪಗ್ರಹ ಫೋನಿನಲ್ಲೇ ವಿಚಾರಿಸಿದರು, ವಾಲ್ಸ್ಕಿ ಒಪ್ಪಿಕೊಂಡರು, ಕೆಲಸ ಹೋಯಿತು. ಶಿಕ್ಷೆ ಸರಿಯೆಂದೇ ನಮ್ಮ ಅಭಿಪ್ರಾಯ. ಆದರೂ ದಣಿದ ಒಬ್ಬನಿಗೇ ತೆಗೆಯುವ, ಆರಿಸುವ, ಕಳುಹಿಸುವ ಕೆಲಸವನ್ನೆಲ್ಲ ಒಪ್ಪಿಸಿದವರನ್ನು ಯಾರೂ ಕೇಳಲಿಲ್ಲವಲ್ಲ.

ಇನ್ನೊಂದು ಅಪಾಯವೂ ಆಗಲೇ ತಿಳಿಯಿತು. ಫೋನು ತಾನಿರುವ ಜಾಗವನ್ನೂ ಹೇಳಿಬಿಡುತ್ತದೆ. ಅದೇ ಯುದ್ಧದಲ್ಲಿ ತನ್ನ ಜತೆಗಿದ್ದ ಪತ್ರಕರ್ತರು ತುರಾಯಾ ಫೋನು ಬಳಸದಂತೆ ಅಮೆರಿಕದ ಸೈನ್ಯ ತಡೆಯಿತು. 2012ರ ಫೆಬ್ರವರಿ 22ರಂದು ಸಿರಿಯಾದ ಹೋಮ್ಸ್ ನಗರದಲ್ಲಿ ಪತ್ರಕರ್ತರು ತಂಗಿದ್ದ ಮನೆಯ ಮೇಲೆ ಫಿರಂಗಿ ದಾಳಿಯಾಗಿ ವರದಿಗಾರ್ತಿ ಮೇರಿ ಕಾಲ್ವಿನ್ ಮತ್ತು ಫ್ರೆಂಚ್ ಛಾಯಾಗ್ರಾಹಕ ರೆಮಿ ಓಶ್ಲಿಕ್ ಸತ್ತರು. ಉಪಗ್ರಹ ಸಂಪರ್ಕದ ಜಾಡು ಹಿಡಿದೇ ಹೊಡೆದರೆಂದು ಕಾಲ್ವಿನ್ ಮನೆಯವರು ಅಮೆರಿಕದಲ್ಲಿ ದಾವೆ ಹೂಡಿದರು. 2019ರಲ್ಲಿ ಅಲ್ಲಿನ ನ್ಯಾಯಾಲಯ ಸಿರಿಯಾ ಸರಕಾರವನ್ನು ಹೊಣೆಯಾಗಿಸಿತು.