ನೀರಿನ ಮಟ್ಟವೂ ಒತ್ತಡದ ಲೆಕ್ಕವೂ

ಹಗರಿಬೊಮ್ಮನಹಳ್ಳಿಯ ಸೀಮೆಗೆ ಸಮೀಪದಲ್ಲಿರುವ ಹಂಪೆಯ ನೀರಿನ ಏರ್ಪಾಡುಗಳನ್ನು ವಿದ್ವಾಂಸರು ಬಹುವಾಗಿ ಕೊಂಡಾಡಿದ್ದಾರೆ. ಇಷ್ಟು ನೀರಿದ್ದ ರಾಜಧಾನಿ ೧೫೬೫ರ ಯುದ್ಧದ ತರುವಾಯ ಬೆಂಕಿಗೆ ತುತ್ತಾದುದೇಕೆ? ಕಾಯುವವರು ಚದುರಿಹೋದುದೇ ಮೊದಲ ಕಾರಣ. ಅವರು ಇದ್ದಿದ್ದರೂ ಆ ನೀರನ್ನು ಮಾಡಿನವರೆಗೆ ಏರಿಸುವುದು ಸಾಧ್ಯವಿತ್ತೆ ಎಂಬುದನ್ನು ಇಲ್ಲಿ ವಿಚಾರಿಸುವೆವು.

ಅರಮನೆಯ ಆವರಣದಲ್ಲಿ ಕಂಬಗಳ ಮೇಲೆ ಸಾಗುವ ಕಲ್ಲುದೋಣಿಗಳೂ ಮಣ್ಣಿನ ಕೊಳವೆಗಳೂ ಇಂದಿಗೂ ಕಾಣುತ್ತವೆ. ತೆರೆದ ಕಾಲುವೆಯ ನೀರು ಇಳಿಜಾರನ್ನು ಹಿಡಿದು ಹರಿಯುವುದೇ ಹೊರತು ತನ್ನ ಮೂಲದ ಮಟ್ಟವನ್ನು ಮೀರಿ ಏರದು. ಅರಮನೆಗಳ ಮೇಲ್ಭಾಗವಾದರೋ ಮರದ್ದು. ಅದು ಅಳಿದು ಕಲ್ಲಿನ ಜಗತಿಗಳು ಮಾತ್ರ ಉಳಿದಿವೆ. ಅಲ್ಲಿಗೆ ನೀರನ್ನು ಕೊಡದಲ್ಲಿ ಹೊತ್ತೇ ಒಯ್ಯಬೇಕಿತ್ತು.

ಬಿಜಾಪುರದಲ್ಲಿ ಮುಂದಿನ ಹೆಜ್ಜೆಯನ್ನು ಕಾಣುತ್ತೇವೆ. ೧೬೫೧ರಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಆದ ಬೇಗಂ ತಲಾಬಿನ ನೀರು ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ಬರುತ್ತಿತ್ತು. ಮುಚ್ಚಿದ ಕೊಳವೆಯಲ್ಲಿ ಒತ್ತಡ ಹೆಚ್ಚಿ ಅದು ಒಡೆಯದಂತೆ ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿದರು. ನೀರು ಅವುಗಳಲ್ಲಿ ಏರಿ, ಹೊಂಡು ತಂಗಿ, ಮುಂದಕ್ಕೆ ಸಾಗುತ್ತಿತ್ತು. ಆ ಶಿಲ್ಪಿಗಳು ಒತ್ತಡವನ್ನು ಚೆನ್ನಾಗಿ ಬಲ್ಲವರೇ. ಆದರೆ ಅವರಿಗೆ ಅದು ತಗ್ಗಿಸಬೇಕಾದ ವಸ್ತು.

ಅಗ್ನಿಶಾಮಕ ಯಂತ್ರದ ಉದ್ದೇಶ ಇದಕ್ಕೆ ವಿಪರೀತ. ಮೂತಿಯಲ್ಲಿ ಬೇಕಾದ ಒತ್ತಡ, ಕೊಳವೆಯ ಘರ್ಷಣೆಯಲ್ಲಿ ನಷ್ಟವಾಗುವ ಒತ್ತಡ, ಎತ್ತರಕ್ಕೆ ತಗಲುವ ಒತ್ತಡ, ಈ ಮೂರನ್ನೂ ಕೂಡಿಸಿದರೆ ಪಂಪು ಕೊಡಬೇಕಾದ ಒತ್ತಡ ದೊರೆಯುತ್ತದೆ. ೧೦ ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ೧ ಕಿಲೋಗ್ರಾಂ ಬೇಕು. ಮೂತಿಗೆ ೪, ಘರ್ಷಣೆಗೆ ೧, ಎತ್ತರಕ್ಕೆ ೧ ಎಂದು ಭಾವಿಸಿದರೆ ಮೊತ್ತ ೬. ದೊಡ್ಡ ಮೂತಿಯನ್ನಿಟ್ಟು ಹರಿವನ್ನು ಇಮ್ಮಡಿಸಿದರೆ ಘರ್ಷಣೆಯ ನಷ್ಟ ನಾಲ್ಮಡಿಯಾಗಿ ಮೊತ್ತ ೯ಕ್ಕೇರುವುದು. ಅದೇ ಹರಿವನ್ನು ಅಂತಹ ಎರಡು ಕೊಳವೆಗಳಿಗೆ ಸಮನಾಗಿ ಹಂಚಿ ಮೂತಿಯ ಬಳಿ ಕೂಡಿಸಿದರೆ ಮೊತ್ತ ಮತ್ತೆ ೬ರ ಸುಮಾರಿಗೆ ಇಳಿಯುತ್ತದೆ. ಲೆಕ್ಕ ತಪ್ಪಿ ಒತ್ತಡ ಕಡಮೆಯಾದರೆ ಧಾರೆ ಬೆಂಕಿಯನ್ನು ಮುಟ್ಟದು. ಮಿತಿಮೀರಿದರೆ ಕೊಳವೆ ಬಿರಿಯಬಹುದು, ಹಿಡಿದವನು ಕೆಡೆಯಬಹುದು.

ಆದುದರಿಂದ ನೀರನ್ನು ತರುವ ವಿದ್ಯೆ ಬೇರೆ, ನೀರನ್ನು ಎಸೆಯುವ ವಿದ್ಯೆ ಬೇರೆ. ಮೊದಲನೆಯದರಲ್ಲಿ ನಮ್ಮ ಪೂರ್ವಿಕರು ನಿಪುಣರು. ಎರಡನೆಯದಕ್ಕೆ ಪಂಪೂ ಒತ್ತಡವನ್ನು ತಾಳುವ ಮೆತುಗೊಳವೆಯೂ ಬರಬೇಕಾಯಿತು. ಹಂಪೆಯ ಕಾಲುವೆಗಳನ್ನು ಕುರಿತು ಬರೆಯುವಾಗ ಈ ಭೇದವನ್ನು ಮರೆಯಲಾಗದು. ಇದರಿಂದ ಅವುಗಳ ಹಿರಿಮೆ ಕುಂದುವುದಿಲ್ಲ. ಅವು ಯಾವ ಕಾರ್ಯಕ್ಕಾಗಿ ಹುಟ್ಟಿದವೆಂಬುದು ಸ್ಪಷ್ಟವಾಗುತ್ತದೆ.